ಮೊದಲ ಹಾಲು ಕರೆದ ಕೈ

ನಮ್ಮೂರ ಡೈರಿಯ ಗೋಡೆಗೆ ಅವನ ಫೋಟೊ ಹಾಕಿದ್ದಾರೆ. ಯಾವುದೋ ಮದುವೆಯಲ್ಲಿ ತೆಗೆದದ್ದನ್ನು ಕತ್ತರಿಸಿ ದೊಡ್ಡದು ಮಾಡಿಸಿದರಂತೆ. ಎದೆಮಟ್ಟಕ್ಕೆ ಇದೆ. ಪೇಟ ಇದೆ, ಮೀಸೆ ಇದೆ. ಕೈ ಇಲ್ಲ. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ಫೋಟೊಕ್ಕೆ ಕೈಮುಗಿದು, 'ಏನು ಕೈಗುಣ ಅಂತೀರಿ ಅವರದು' ಎನ್ನುತ್ತಾರೆ. ಅವನನ್ನು ಕಾಣದ ಹುಡುಗಿಯರೂ ಹಾಗೆ ಅನ್ನುತ್ತಾರೆ. ನಾನು ಹಾಲು ಸುರಿದು ತಲೆ ತಗ್ಗಿಸಿಕೊಂಡು ಬಂದುಬಿಡುತ್ತೇನೆ. ಆ ಫೋಟೊದ ಎದುರು ನಿಲ್ಲಲು ನನಗೆ ಮುಖವಿಲ್ಲ. ಬೀದಿಯ ಯಾರಿಗೂ ಇಲ್ಲ. ಅವರಿಗೆ ಅದು ಗೊತ್ತಿಲ್ಲ, ಅಷ್ಟೆ.

ಅವನ ಹೆಸರು ಬರೆಯುವುದಿಲ್ಲ. ಮಕ್ಕಳು ಮರಿ ಇರುವ ಮನೆ. ನಮ್ಮದು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ಊರು. ಅವನದು ನಮ್ಮ ಗೋಡೆಗೆ ಅಂಟಿದ ಮನೆ. ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಅನ್ನುತ್ತಿದ್ದ. ಚಿಕ್ಕಂದಿನಲ್ಲಿ ಗುಂಡ್ಲುಪೇಟೆಯ ದನದ ಆಸ್ಪತ್ರೆಯಲ್ಲಿ ದನ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಡಾಕ್ಟರು ಸೂಜಿ ಹಾಕುವಾಗ ಒದೆಯುವ ಎತ್ತಿನ ಮೂಗುದಾರ ಹಿಡಿದು ನಿಲ್ಲುವ ಕೆಲಸ. ಹಿಡಿದು ಹಿಡಿದು, ನೋಡಿ ನೋಡಿ, ಸೂಜಿ ಕಲಿತ. ಆ ಕೆಲಸ ಹೋದ ಮೇಲೆ ಒಂದು ಗಾಜಿನ ಸಿರಿಂಜು, ಒಂದು ಸ್ಟೀಲು ಡಬ್ಬ ಇಟ್ಟುಕೊಂಡು ಊರಿಗೆ ಬಂದ. ಊರು ಅವನನ್ನು ಡಾಕ್ಟ್ರೇ ಅಂತ ಕರೆಯಿತು.

"ಡಾಕ್ಟ್ರು ಗುಂಡ್ಲುಪೇಟೇಲವ್ರೆ. ನಾನು ಬರೀ ದನ ಹಿಡ್ಕಳವ" ಎನ್ನುತ್ತಿದ್ದ. ಆದರೆ ಯಾರಾದರೂ 'ನಿಮ್ಮ ಕೈಗುಣ' ಅಂದರೆ ಅದನ್ನು ಮಾತ್ರ ಅಲ್ಲ ಅನ್ನುತ್ತಿರಲಿಲ್ಲ. ಮೀಸೆಯ ಕೆಳಗೆ ನಗು ಅದುಮಿಕೊಂಡು ಹಸುವಿನ ಕಡೆ ತಿರುಗುತ್ತಿದ್ದ.

ಕೊಟ್ಟಿಗೆಗೆ ಬಂದರೆ ಮನೆಯವರನ್ನು ಮಾತಾಡಿಸುತ್ತಿರಲಿಲ್ಲ. ಹಸುವಿನ ಕಿವಿಯ ಬುಡ ಮುಟ್ಟಿ, "ಏನವ್ವ, ಎಲ್ಲಿ ನೋಯ್ತದ?" ಅಂತ ಅದನ್ನೇ ಕೇಳುತ್ತಿದ್ದ. ಮನೆಯವಳು ನಡುವೆ ಬಾಯಿ ಹಾಕಿ, ನಿನ್ನೆಯಿಂದ ಮೇವು ಮುಟ್ಟಿಲ್ಲ ಅಂದರೆ, "ನಿನ್ನ ಕೇಳ್ನಿಲ್ಲ ಕಣಮ್ಮಿ" ಎನ್ನುತ್ತಿದ್ದ. ಸೂಜಿ ಹಾಕುವಾಗ ಅಂಗೈ ಹಿಂಬದಿಯಿಂದ ತೊಡೆಗೆ ಎರಡು ಸಲ ತಟ್ಟುತ್ತಿದ್ದ. ಮೂರನೆಯದು ಸೂಜಿ. ಹಸುವಿಗೆ ಅದೂ ತಟ್ಟಿದ್ದೇ ಅನ್ನಿಸಬೇಕು, ಹಾಗೆ. ನಮ್ಮ ಒಂದು ಎತ್ತು ಗಂಟಲು ಬಾತು ಬಿದ್ದಿತ್ತು. ನನ್ನ ಗಂಡ ಆಗ ಇದ್ದ, ಅದನ್ನು ಹೂಳಲು ಜಾಗ ನೋಡಿ ಬಂದಿದ್ದ. ಇವನು ಸೂಜಿ ಹಾಕಿದ. ಮಾರನೆಯ ಬೆಳಿಗ್ಗೆ ಎತ್ತು ಎದ್ದು ನಿಂತು ಕಲಗಚ್ಚಿಗೆ ಮೂತಿ ಹಾಕಿತ್ತು. ಅಲ್ಲಿಂದ ಊರಲ್ಲಿ ಶುರುವಾಯಿತು ಆ ಮಾತು, ಕೈಗುಣ, ಕೈಗುಣ.

ಕೈಗೂ ಅದು ಗೊತ್ತಾಗಿಹೋಗಿತ್ತೇನೋ. ಸಗಣಿ ಮಂಕರಿಗೆ ಬಲಗೈ ಹಾಕುತ್ತಿರಲಿಲ್ಲ. ಕಟ್ಟಿಗೆ ಒಡೆಯುತ್ತಿರಲಿಲ್ಲ. ಬಲಗೈಯನ್ನು ಯಾರದೋ ವಸ್ತು ಕಡ ತಂದವನ ಹಾಗೆ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಬಾಯಿಗಾರ್ತಿ. "ಎಡಗೈ ನಂದು ಕಣಕ್ಕ, ಬಲಗೈ ಊರ್ದು. ನನ್ನ ಪಾಲಿಗೆ ಬಂದಿರದು ಬರೀ ಸೌದೆ ಎತ್ತೋ ಕೈ, ಅದೂ ಸರಿಯಾಗಿ ಎತ್ತದಿಲ್ಲ" ಎಂದು ನನ್ನ ಮುಂದೆ ಆಡಿಕೊಳ್ಳುತ್ತಿದ್ದಳು.

ತೊಂಬತ್ತರ ಆಚೀಚೆ ಊರಿಗೆ ಸೀಮೆಹಸುಗಳು ಬಂದವು, ಡೈರಿಯೂ ಬಂತು. ಆಗ ನನ್ನ ಗಂಡ ಸತ್ತು ಸ್ವಲ್ಪ ದಿನವಾಗಿತ್ತು. ಎತ್ತು ಮಾರಿ ನಾನೂ ಒಂದು ಹಸು ಕಟ್ಟಿದೆ. ಸಂತೆಮರಹಳ್ಳಿ ಸಂತೆಗೆ ಇವನೇ ಬಂದು, ಹಲ್ಲು ನೋಡಿ, ಕೆಚ್ಚಲು ಹಿಡಿದು ನೋಡಿ, ಆರಿಸಿ ಕೊಟ್ಟ. ಕಪ್ಪು ಬಿಳಿ ಮಚ್ಚೆಯ ಹಸು. ನನ್ನ ಅನ್ನ ಅದರ ಕೆಚ್ಚಲಲ್ಲೇ ಇತ್ತು.

ನಾಟಿ ಹಸುವಿಗೆ ಮುಷ್ಟಿಯಷ್ಟು ಕೆಚ್ಚಲು. ಸೀಮೆಹಸುವಿಗೆ ಕೊಡದಷ್ಟು. ಕರು ಹಾಕಿದ ಮೇಲೆ ಕೆಚ್ಚಲು ಬಾವು ಬರುತ್ತಿತ್ತು. ಕಲ್ಲಿನ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ಒದ್ದು, ಹಾಲು ಒಡೆದು ಚೂರುಚೂರಾಗಿ ಬರುತ್ತಿತ್ತು. ಇವನು ಒಂದು ಸೂಜಿ ಹಾಕಿದರೆ ಇಳಿಯುತ್ತಿತ್ತು. ಊರಿನ ಹೆಂಗಸರಿಗೆ ಇವನೇ ದೇವರಾದ.

ಆಗ ಒಂದು ಪದ್ಧತಿ ಹುಟ್ಟಿಕೊಂಡಿತು. ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಯಾರ ಮನೆಯಲ್ಲಿ ಹಸು ಕರು ಹಾಕಿದರೂ ಗಿಣ್ಣು ಹಾಲನ್ನು ಮೊದಲು ಇವನ ಕೈಯಲ್ಲಿ ಕರೆಸಬೇಕು. ಕರೆಸಿದರೆ ಆ ಸೂಲು ಪೂರ್ತಿ ಹಾಲಿಗೆ ಮೋಸವಿಲ್ಲ ಅಂತ. ಕರು ನೆಲಕ್ಕೆ ಬಿದ್ದ ಕೂಡಲೇ ಇವನ ಮನೆಗೆ ಹೇಳಿ ಕಳಿಸುತ್ತಿದ್ದರು. ಮಿಂದು, ಬಿಳಿ ಪಂಚೆ ಉಟ್ಟು, ಹರಳೆಣ್ಣೆಯ ಪುಟ್ಟ ಸೀಸೆ ಹಿಡಿದು ಬರುತ್ತಿದ್ದ. ಎಣ್ಣೆಯಲ್ಲಿ ಬೆರಳದ್ದಿ, ಮೊಲೆಗೆ ಸವರಿ, ಮೊದಲ ಧಾರೆ ಭೂಮ್ತಾಯಿಗೆ ಬಿಟ್ಟು, ಆಮೇಲೆ ತಂಬಿಗೆಗೆ ಕರೆಯುತ್ತಿದ್ದ. ಅದೇ ಸೀಸೆ, ಅದೇ ಬೆರಳು, ಮುಂದಿನ ಮನೆಗೆ.

ನನ್ನ ಮನೆಗಂತೂ ಅವನು ಬರಲೇಬೇಕಿತ್ತು. ಗಂಡ ಸತ್ತವಳ ಕೈ ಮೊದಲ ಹಾಲಿಗೆ ಆಗುವುದಿಲ್ಲ ಅಂತ ಬೀದಿ ಹೇಳುತ್ತಿತ್ತು. ಮಾರನೆಯ ದಿನದಿಂದ ಆ ಹಸು ಬತ್ತುವವರೆಗೂ ಎರಡು ಹೊತ್ತು ಕರೆಯುತ್ತಿದ್ದುದು ನಾನೇ. ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ, ಅದು ಯಾಕೆ ಹಾಗೆ ಅಂತ.

ಇನ್ನೊಂದು ಪದ್ಧತಿಯೂ ಇತ್ತು, ಅದನ್ನು ಹುಟ್ಟಿಸಿದವರು ನಾವು ಹೆಂಗಸರು. ಹೆಪ್ಪು ಹಂಚಿಕೊಳ್ಳುವ ಹಾಗೆ ಔಷಧಿ ಹಂಚಿಕೊಳ್ಳುತ್ತಿದ್ದೆವು. ಒಬ್ಬಳು ಗುಂಡ್ಲುಪೇಟೆಯಿಂದ ಬಾಟಲಿ ತರಿಸಿದರೆ ಅದು ಅವಳೊಬ್ಬಳದಲ್ಲ. ಸೂಜಿ ಹಾಕುವ ಹೊತ್ತಿಗೆ ಮೂಲೆಮನೆಯವಳು ಬಂದು ನಿಲ್ಲುತ್ತಿದ್ದಳು. "ಅಕ್ಕೋ, ನಮ್ಮ ಅಸೀಗೂ ಒಸಿ ಬುಡ್ಸು. ಕೆಚ್ಚಲು ಬಿಸಿ ಅದ." ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ಇಲ್ಲ ಅನ್ನಲು ಆಗುತ್ತದೆಯೆ? ಒಂದು ಬಾಟಲಿ ಮೂರು ಹಸುವಿಗೆ ಆಗುತ್ತಿತ್ತು. ತಳದಲ್ಲಿ ಉಳಿದದ್ದು ದೀಪದ ಗೂಡಿನಲ್ಲಿರುತ್ತಿತ್ತು. ಕೋಳಿ ತೂಕಡಿಸಿದರೆ ಅದನ್ನೇ ರಾಗಿ ಮುದ್ದೆಯಲ್ಲಿ ಕಲಸಿ ಹಾಕುತ್ತಿದ್ದೆವು. ಹಸು ಮಾರನೆಯ ದಿನ ಮೇವು ತಿಂದರೆ ಸೂಜಿ ಅಲ್ಲಿಗೆ ಮುಗಿಯಿತು.

ಸಾಕಾಗುತ್ತದಾ ಅಂತ ಯಾರಾದರೂ ಕೇಳಿದರೆ ಅವನು ಹೇಳುತ್ತಿದ್ದ: "ಔಷ್ದಿ ಒಂದು ತೊಟ್ಟು ಸಾಕು ಬುಡಕ್ಕ. ಮಿಕ್ಕಿದ್ದನ್ನ ಕೈ ನೋಡ್ಕತದ."

ಈ ಮಾತು ಹೇಳುವಾಗ ಅವನ ಮುಖ ನೋಡಬೇಕಿತ್ತು. ಜಂಬದವನಲ್ಲ ಅವನು. ಇದೊಂದರಲ್ಲಿ ಬಿಟ್ಟು.

ಮೊದಲು ಹೋದದ್ದು ಮೂಲೆಮನೆಯವಳ ಹಸು. ಇವನೇ ಗಿಣ್ಣು ಕರೆದು ಕೊಟ್ಟಿದ್ದ. ವಾರ ಕಳೆಯುವುದರಲ್ಲಿ ಕೆಚ್ಚಲು ಕಲ್ಲಾಯಿತು. ಸೂಜಿ ಹಾಕಿದ, ಇಳಿಯಲಿಲ್ಲ. ಮತ್ತೆ ಹಾಕಿದ, ಇಳಿಯಲಿಲ್ಲ. ಹಸು ಒಣಗಿ, ದಳ್ಳಾಳಿ ಹಿಡಿದುಕೊಂಡು ಹೋದ. ಆಮೇಲೆ ಕೆರೆಬೀದಿಯಲ್ಲಿ ಒಂದು, ಮಠದ ಪಕ್ಕದಲ್ಲಿ ಒಂದು. ಅದೇ ಬಾವು, ಅದೇ ಸೂಜಿ, ಅದೇ ಎರಡು ತಟ್ಟು. ಬಾವು ಮಾತ್ರ ಇಳಿಯುತ್ತಿರಲಿಲ್ಲ.

ಕೊಳಾಯಿಯ ಹತ್ತಿರ ಮಾತು ಹುಟ್ಟಿತು.

"ಕೈಗುಣ ಓಯ್ತು ಕಣಮ್ಮಿ."

"ಸುಮ್ಸುಮ್ಕೆ ಓದದಾ? ಏನೋ ಮಾಡ್ಬುಟ್ಟವ್ನೆ."

"ಏನು ಮಾಡಿರ್ತಾನೆ?"

"ಮಾಡಿರ್ತಾನೆ ಬುಡು. ಇಲ್ದಿದ್ರೆ ದೇವ್ರು ಕೊಟ್ಟಿದ್ದ ದೇವ್ರು ಯಾಕೆ ಕಿತ್ಕತನೆ?"

ಮೂಲೆಮನೆಯವಳಿಗೆ ಹಸು ಹೋದ ಸಂಕಟ. ಒಂದೊಂದು ದಿನ ಒಂದೊಂದು ಪಾಪ ಹುಡುಕಿ ತರುತ್ತಿದ್ದಳು. ಅವನು ಹುತ್ತ ಅಗೆದನಂತೆ. ಸೂತಕದ ಮನೆಯಲ್ಲಿ ಉಂಡು ಬಂದು ಹಸು ಮುಟ್ಟಿದನಂತೆ. ಗಂಡಸರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಕರು ಹಾಕಿದ ಮನೆಯವರು ಅವನಿಗೆ ಹೇಳಿ ಕಳಿಸುವುದು ನಿಂತಿತು. ಅವನು ಮಿಂದು ಬಿಳಿ ಪಂಚೆ ಉಟ್ಟು ಜಗಲಿಯ ಮೇಲೆ ಕೂತಿರುತ್ತಿದ್ದ. ಕರೆ ಬರುತ್ತಿರಲಿಲ್ಲ.

ಒಂದು ಸಂಜೆ ನನ್ನ ಹತ್ತಿರ ಬಂದು ಕೂತ. ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ಅಕ್ಕ, ನಾನೇನು ಮಾಡ್ಬುಟ್ಟೆ ಯೋಳು."

"ನಂಗೇನ್ಲಾ ಗೊತ್ತು?"

"ನಿಂಗೆ ನನ್ನ ಚಿಕ್ಕಂದಿನಿಂದ ಗೊತ್ತು. ಏನಾರ ಮಾಡಿರ್ಬೇಕು. ಯೋಳು, ಬೇಜಾರು ಮಾಡ್ಕಳಕ್ಕಿಲ್ಲ."

ಊರು ಹೇಳಿದ್ದನ್ನು ಅವನೂ ನಂಬಿಬಿಟ್ಟಿದ್ದ. ನಾನು ನೋಡಿದ ಎಲ್ಲಕ್ಕಿಂತ ನನಗೆ ನಾಚಿಕೆ ತಂದದ್ದು ಅದು. ಬದುಕನ್ನೆಲ್ಲ ಮೊರದಲ್ಲಿ ಹಾಕಿ ಕೇರಿ, ತಾನು ಮಾಡಿದ ತಪ್ಪುಗಳನ್ನೆಲ್ಲ ಆರಿಸಿದ. ಸಿಕ್ಕಿದ್ದು ಹೆಚ್ಚೇನಿಲ್ಲ. ಎಂದೋ ಉತ್ತುವಾಗ ಅಣ್ಣನ ಹೊಲದ ಬದುವನ್ನು ಒಂದು ಗೇಣು ತನ್ನ ಕಡೆ ಒತ್ತಿಕೊಂಡಿದ್ದ. ಇದೇ ಇರಬೇಕು ಅಂತ ತೀರ್ಮಾನ ಮಾಡಿಕೊಂಡು ಅಣ್ಣನ ಮನೆಗೆ ಹೋದ. ಅಣ್ಣ ತಮ್ಮಂದಿರಿಗೆ ಮಾತು ನಿಂತು ವರ್ಷಗಳಾಗಿದ್ದವು. ಬಾಗಿಲಲ್ಲಿ ಸಾಕ್ಷಿಗಿರಲಿ ಅಂತ ನನ್ನನ್ನೂ ಕರೆದುಕೊಂಡು ಹೋದ.

"ಅಣ್ಣ, ಆ ಬದ ನಾನು ಒಂದು ಗೇಣು ಒತ್ತಿದ್ದೆ" ಅಂತ ಅಳುವುದಕ್ಕೇ ಶುರುಮಾಡಿದ.

ಅಣ್ಣ ಎಲೆಯಡಿಕೆ ಉಗಿದು ಬಂದು ನೋಡಿದ. "ನಂಗೊತ್ತಿಲ್ವೇನ್ಲಾ? ನಾನು ಆ ಕಡೇಲಿ ಒಂದು ಮೊಳ ಒತ್ತಿವ್ನಿ. ಅದಕ್ಯಾಕೆ ಅಳ್ತೀಯೆ, ಬಾ ಕೂತ್ಕೊ, ಮುದ್ದೆ ಉಣ್ಣು."

ಉಂಡು ಬಂದ. ಬದುವಿನ ಕಲ್ಲನ್ನು ಮಾರನೆಯ ದಿನವೇ ಹಿಂದಕ್ಕೆ ನೆಟ್ಟ. ಅಣ್ಣ ತನ್ನ ಕಲ್ಲನ್ನು ಕದಲಿಸಲಿಲ್ಲ.

ಆಮೇಲೆ ಬಾಡು ಬಿಟ್ಟ. ಬೀಡಿ ಬಿಟ್ಟ. ಹಿಮವದ್ ಗೋಪಾಲಸ್ವಾಮಿ ದನಕಾಯುವ ದೇವರಲ್ಲವೆ, ಬೆಟ್ಟಕ್ಕೆ ಹೋಗಿ ಬರಬೇಕು ಅಂದ. ಅವನು, ಅವನ ಹೆಂಡತಿ, ನಾನು ಗುಂಡ್ಲುಪೇಟೆಯಿಂದ ಮುಂದೆ ಬಸ್ಸಿಳಿದು ನಡೆದು ಹತ್ತಿದೆವು. ಮಂಜು ಹೇಗಿತ್ತೆಂದರೆ ಮುಂದೆ ಹೋಗುವವನ ಬೆನ್ನು ಕಾಣುತ್ತಿರಲಿಲ್ಲ. ಸಿರಿಂಜಿನ ಡಬ್ಬವನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಎದೆಗೆ ಅವಚಿಕೊಂಡಿದ್ದ.

"ಮದುವೆ ದಿನ ನನ್ನ ಇಂಗೆ ಅವುಚ್ಕೊಂಡಿರ್ನಿಲ್ಲ ಕಣಕ್ಕ" ಅಂದಳು ಅವನ ಹೆಂಡತಿ, ಏದುಸಿರು ಬಿಡುತ್ತಾ.

"ಸುಮ್ಕೆ ಬಾ, ಆನೆ ಗೀನೆ ಬಂದಾವು."

"ಆನೆಗೂ ಸೂಜಿ ಹಾಕೀಯಂತೆ."

ಅವನು ನಗಲಿಲ್ಲ. ಗುಡಿಯಲ್ಲಿ ಡಬ್ಬವನ್ನು ದೇವರ ಮುಂದೆ ಇಡಲು ಹೋದ. ಅಯ್ಯನವರು, "ಸೂಜಿ ಎಲ್ಲ ಒಳಗೆ ಬೇಡಪ್ಪ, ಅಲ್ಲೇ ಮೆಟ್ಟಿಲ ಮೇಲಿಡು" ಅಂದರು. ಇಟ್ಟ. ಅಲ್ಲಿ ಗರ್ಭಗುಡಿಯ ಬಾಗಿಲ ಮೇಲಿಂದ ನೀರು ತೊಟ್ಟಿಕ್ಕುತ್ತದೆ. ಅದರ ಕೆಳಗೆ ಬಲಗೈ ಒಡ್ಡಿ ನಿಂತ. ಹಿಂದಿನವರು ಸರಿ ಸರಿ ಅಂದರೂ ಸರಿಯಲಿಲ್ಲ. ಇಳಿಯುವಾಗ ನನ್ನ ಹತ್ತಿರ ಬಂದು ಮಗುವಿನ ಹಾಗೆ ಅಂಗೈ ತೋರಿಸಿದ. "ತಣ್ಣಗಾಯ್ತು ಕಣಕ್ಕ. ಸರೋಯ್ತದ ಇನ್ನು."

ಅದೇ ದಿನಗಳಲ್ಲಿ ನನ್ನ ಹಸು ಕರು ಹಾಕಿತು. ನಾನು ಅವನನ್ನೇ ಕರೆದೆ. ನನಗೆ ಅವನ ಮೇಲೆ ದೊಡ್ಡ ನಂಬಿಕೆಯೇನೂ ಇರಲಿಲ್ಲ. ಬೇರೆ ಯಾರನ್ನು ಕರೆಯಲಿ? ಅವನು ಬಂದ ಸಡಗರ ನೋಡಬೇಕಿತ್ತು. ತಲೆಗೆ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಹಳೆಯ ಹರಳೆಣ್ಣೆ ಸೀಸೆ ಹಿಡಿದು. ಮೂಲೆಮನೆಯವಳು ನನ್ನ ಬೇಲಿಯ ಆಚೆ ನಿಂತು ನೋಡುತ್ತಿದ್ದಳು. ಗಿಣ್ಣು ಗಟ್ಟಿಯಾಗಿ ಹಳದಿ ಹಳದಿಯಾಗಿ ಇಳಿಯಿತು. "ನೋಡಿದ್ಯಾ ಅಕ್ಕ" ಅಂದ.

ನಾಲ್ಕು ದಿನ ಚೆನ್ನಾಗಿತ್ತು. ಆಮೇಲೆ ಒಂದು ಮೊಲೆ ಬಿಸಿಯಾಯಿತು, ಕೆಚ್ಚಲು ಕಲ್ಲಾಯಿತು, ಹಾಲಿನಲ್ಲಿ ಚೂರು ಕಂಡಿತು. ಅವನು ಸೂಜಿ ಹಾಕಿದ. ಮಾರನೆಯ ಬೆಳಿಗ್ಗೆ ಬಂದು ಕೆಚ್ಚಲು ಮುಟ್ಟಿ ನೋಡಿ ಎದ್ದು ಹೋದ. ಓಡಿಹೋದ ಅಂದುಕೊಂಡೆ. ಮಧ್ಯಾಹ್ನದ ಬಸ್ಸಿಗೆ ಗುಂಡ್ಲುಪೇಟೆಯಿಂದ ಡಾಕ್ಟರಮ್ಮನನ್ನು ಕರೆದುಕೊಂಡು ಬಂದ. ಈ ಊರಿಗೆ ಡಾಕ್ಟರು ಬೇಕಿಲ್ಲ, ನಾನಿದ್ದೇನೆ ಅಂತ ಬದುಕಿದವನು, ಅವರ ಬ್ಯಾಗು ತಾನೇ ಹೊತ್ತುಕೊಂಡು ಬೀದಿ ತುಂಬ ನಡೆದು ಬಂದ.

ಡಾಕ್ಟರಮ್ಮ ಹೊಸದಾಗಿ ಬಂದವರು, ಚಿಕ್ಕ ವಯಸ್ಸು. ಜೋರು ಮಾಡುವವರಲ್ಲ. ಮೊದಲು ಬಕೆಟ್ಟಿನಲ್ಲಿ ನೀರು ಕೇಳಿ ಮೊಣಕೈವರೆಗೂ ಸೋಪು ಹಾಕಿ ತೊಳೆದುಕೊಂಡರು. ಬೆರಳ ಸಂದು ಸಂದು. ಇದೇನು ಇವರಿಗೆ ನಮ್ಮ ಹಸು ಕಂಡರೆ ಅಸಹ್ಯವೆ ಅಂದುಕೊಂಡೆ.

"ಯಾವ ಔಷಧಿ ಕೊಟ್ಟಿದ್ದೀರಿ?"

ಅವನು ಖಾಲಿ ಬಾಟಲಿ ತೋರಿಸಿದ.

"ಎಷ್ಟು ದಿನ ಕೊಡ್ತೀರಿ?"

"ಒಂದಿನ ತಾಯಿ. ಎದ್ದು ಮೇವು ತಿಂದ್ರೆ ಆಯ್ತು."

"ದಿನಕ್ಕೆ ಒಂದು ಬಾಟ್ಲಿ ಪೂರ್ತಿ?"

"ಇಲ್ಲ ತಾಯಿ. ಒಂದು ಬಾಟ್ಲಿ ಮೂರು ಮನೇಗೆ." ಹೆಚ್ಚು ಖರ್ಚು ಮಾಡಿಸುವುದಿಲ್ಲ ಅನ್ನುವ ಧ್ವನಿಯಲ್ಲಿ ಹೇಳಿದ.

ಅವರು ಬಾಟಲಿ ತಿರುಗಿಸಿ ಮೇಲಿನ ಚೀಟಿ ಓದಿದರು. ಹಾಲನ್ನು ಪುಟ್ಟ ಸೀಸೆಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸುತ್ತೇನೆ ಅಂದರು. ಅಲ್ಲಿಯವರೆಗೆ ಹೊತ್ತು ಹೊತ್ತಿಗೆ ಕೆಟ್ಟ ಹಾಲು ಕರೆದು ದೂರ ಚೆಲ್ಲಿ, ಬಿಸಿನೀರ ಶಾಖ ಕೊಡಿ, ಬಾವು ಬಂದ ಮೊಲೆಯನ್ನು ಕಡೆಯಲ್ಲಿ ಕರೆಯಿರಿ, ಕೈ ತೊಳೆದುಕೊಳ್ಳಿ ಅಂದರು.

ಮತ್ತೆ ಬಂದಾಗ ಬೀದಿಯ ಅರ್ಧ ನನ್ನ ಕೊಟ್ಟಿಗೆಯ ಮುಂದಿತ್ತು. ಅವನ ಹಣೆಬರಹ ಓದಲು ಬಂದಿದ್ದಾರೆ ಅನ್ನುವ ಹಾಗೆ ಎಲ್ಲರೂ ಕತ್ತು ಚಾಚಿ ನಿಂತಿದ್ದರು. ಅವನು ಗೂಟ ಹಿಡಿದುಕೊಂಡು ನಿಂತಿದ್ದ.

"ನಂ ಕೈಗುಣ ಓಗ್ಬುಟ್ಟದ ತಾಯಿ. ಅದಕೇ ಇಂಗಾಯ್ತಾ ಅದ" ಅಂದ.

"ಇಲ್ಲ ಅಪ್ಪಾಜಿ. ನಿಮ್ಮ ಕೈಗುಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ" ಅಂದರು ಡಾಕ್ಟರಮ್ಮ.

ಅವನ ಮುಖ ಬಿಚ್ಚಿಕೊಂಡಿತು. ಅಷ್ಟು ದಿನಗಳಲ್ಲಿ ಮೊದಲ ಸಲ. ಬೇಲಿಯ ಹತ್ತಿರ ನಿಂತಿದ್ದ ಮೂಲೆಮನೆಯವಳ ಕಡೆ ಒಮ್ಮೆ ನೋಡಿದ. ಡಾಕ್ಟರಮ್ಮ ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಕೆಚ್ಚಲಿನಲ್ಲಿ ಕಣ್ಣಿಗೆ ಕಾಣದ ರೋಗದ ಹುಳ ಇರುತ್ತವೆ. ಅರ್ಧಂಬರ್ಧ ಔಷಧಿ ಕೊಟ್ಟರೆ ಸೋತವು ಸಾಯುತ್ತವೆ. ಗಟ್ಟಿಯಾದವು ಉಳಿದು ಮರಿ ಮಾಡುತ್ತವೆ. ಹಸು ಮೇವು ತಿಂತು, ಗೆದ್ದೆವು ಅಂತ ನೀವು ನಿಲ್ಲಿಸುತ್ತೀರಿ. ಪ್ರತಿ ಸಲ ಹಾಗೇ ಆಗಿ ಆಗಿ ಈಗ ನಿಮ್ಮೂರಲ್ಲಿ ಉಳಿದಿರೋದು ಗಟ್ಟಿಯಾದವೇ. ಈ ಔಷಧಿ ಅವುಗಳಿಗೆ ಬರೀ ನೀರು. ಪರೀಕ್ಷೆಯಲ್ಲಿ ಹಾಗೇ ಬಂದಿದೆ."

ಅವನಿಗೆ ಅರ್ಥವಾಯಿತು. ದಡ್ಡನಲ್ಲ ಅವನು. ಕೇಳಿದ: "ನಿಜ ತಾಯಿ. ಆದ್ರೆ ಇವ್ರ ಅಸ ಬೇರೆ, ಅವ್ರ ಅಸ ಬೇರೆ. ಕೊಟ್ಟಿಗೆ ಬೇರೆ. ಒಂದ್ರದು ಇನ್ನೊಂದಕೆ ಎಂಗೆ ಓದೊ?"

"ಕರೆಯೋ ಕೈಯಿಂದ. ಆದರೆ ಒಂದೊಂದು ಮನೇಲಿ ಒಬ್ಬೊಬ್ಬರು ಕರೀತಾರಲ್ಲ, ಊರೆಲ್ಲ ಹೇಗೆ ಹಬ್ಬಿತು ಅಂತ ನನಗೂ ತಿಳೀತಿಲ್ಲ."

ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಮಾತಾಡಿದವಳು ಮೂಲೆಮನೆಯವಳು. ಅವಳಿಗೆ ಏನು ಹೇಳುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಇಷ್ಟು ದಿನ ಅವನ ಮೇಲೆ ಪಾಪ ಹೊರಿಸಿದವಳು, ಕೈಗುಣ ಹೋಗಿಲ್ಲ ಅಂದ ಕೂಡಲೇ ಅವನ ಪರ ತಿರುಗಿಬಿಟ್ಟಿದ್ದಳು. ಹೆಮ್ಮೆಯಿಂದ ಹೇಳಿದಳು: "ಮೊದ್ಲ ಆಲು ಇವ್ರೇ ಕರೆಯದು ಮೇಡಮ್ಮೋರೆ. ಯಾರ ಮನೇಲೇ ಕರ ಆಕ್ಲಿ, ಮೊದ್ಲು ಇವ್ರ ಕೈಯೇ ಬೀಳ್ಬೇಕು. ನಮ್ಮೂರ ಪದ್ದತಿ."

ಡಾಕ್ಟರಮ್ಮ ಅವನನ್ನು ನೋಡಿದರು. ಅವರಿಗೂ ಪಾಪ ಅನ್ನಿಸಿರಬೇಕು, ಬ್ಯಾಗಿನ ಕಡೆ ಬಗ್ಗಿದರು. ಅವನು ಬಲಗೈಯನ್ನು ನೋಡಿಕೊಂಡ. ಹೆಗಲ ಮೇಲಿನ ಟವಲು ತೆಗೆದು, ನೋವಾದ ಕೈಗೆ ಸುತ್ತಿಕೊಳ್ಳುವ ಹಾಗೆ ಅದಕ್ಕೆ ಸುತ್ತಿಕೊಂಡ. ಆ ಟವಲು ಆಮೇಲೆ ಇಳಿಯಲಿಲ್ಲ.

ಪಾಪ ಮಾಡಿದ್ದರೆ ಅವನಿಗೆ ದಾರಿ ಇತ್ತು. ಬದು ಬಿಟ್ಟುಕೊಡಬಹುದಿತ್ತು, ಬಾಡು ಬಿಡಬಹುದಿತ್ತು, ಬೆಟ್ಟ ಹತ್ತಿ ಕೈ ಒಡ್ಡಬಹುದಿತ್ತು. ಇದಕ್ಕೆ ಯಾವ ಬೆಟ್ಟ ಹತ್ತುವುದು? ಒಳ್ಳೆಯದಾಗಲಿ ಅಂತ ಮಿಂದು ಮಡಿಯುಟ್ಟು ಹೋದ ಮನೆಮನೆಗೂ ತಾನೇ ಅದನ್ನು ಒಯ್ದು ಹಂಚಿ ಬಂದಿದ್ದ. ನನ್ನ ಮನೆಗೂ.

ಡಾಕ್ಟರಮ್ಮ ಬೇರೆ ಔಷಧಿ ಬರೆದರು. ಹೇಳಿದಷ್ಟು ದಿನವೂ ಪೂರ್ತಿ ಕೊಟ್ಟೆ, ಯಾರಿಗೂ ಹಂಚಲಿಲ್ಲ. ಮೂಲೆಮನೆಯವಳು ಹೊಸದಾಗಿ ಕಟ್ಟಿದ ಹಸುವಿಗೆ ಅಂತ ಬಂದು ಕೇಳಿದಾಗ ಇಲ್ಲ ಅಂದೆ. ಅವಳು ತಿಂಗಳುಗಟ್ಟಲೆ ನನ್ನ ಮುಖ ನೋಡಲಿಲ್ಲ. ಹಸು ಉಳಿಯಿತು. ಒಂದು ಮೊಲೆ ಬತ್ತಿಹೋಯಿತು, ಮಿಕ್ಕ ಮೂರರಲ್ಲೇ ನನಗೆ ಅನ್ನ ಹಾಕಿತು.

ಅವನು ಮಾರನೆಯ ದಿನದಿಂದ ಮನೆಮನೆಗೂ ಹೋದ. ಮೊದಲ ಹಾಲು ಕರೆದ ಮನೆಗಳಿಗೆಲ್ಲ. ಬಾಗಿಲಲ್ಲಿ ನಿಂತು, "ನಿಮ್ಮ ಅಸೀನ ಕೆಚ್ಚಲು ಕೆಡ್ಸಿದ್ದು ನಾನು ಕಣವ್ವ. ನನ್ನ ಕೈಯಿಂದ ಬಂತು. ಅರ್ಧ ಬಾಟ್ಲಿ ಹಾಕಿ ಹುಳ ಗಟ್ಟಿ ಮಾಡ್ದೋನೂ ನಾನೇ" ಎಂದು ಹೇಳುತ್ತಿದ್ದ. ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಕೆಲವರು ನಕ್ಕರು. ಕೆಲವರು, ಅಯ್ಯೋ ಪಾಪ, ತಲೆ ಕೆಟ್ಟಿದೆ ಅಂದರು. ಅವನು ಹೇಳಿದ್ದನ್ನು ಒಪ್ಪಿಕೊಂಡರೆ ಬಾಟಲಿ ಹಂಚಿದವರೂ ಒಪ್ಪಿಕೊಳ್ಳಬೇಕಿತ್ತು. ಹುತ್ತ ಅಗೆದ ಪಾಪವಾದರೆ ಅವನೊಬ್ಬನದು. ನಾಚಿಕೆ ಪಡಬೇಕಾದವರು ಬೀದಿ ತುಂಬ ಇದ್ದೆವು. ಪಟ್ಟವನು ಅವನೊಬ್ಬ.

ಸಿರಿಂಜನ್ನು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟು ಬಂದ. ಆಮೇಲೆ ಸೋಪು ಹಿಡಿದ. ಕೆಂಪು ಸೋಪಿಗೆ ತೂತು ಮಾಡಿ, ದಾರ ಪೋಣಿಸಿ, ಪ್ರತಿ ಕೊಟ್ಟಿಗೆಯ ಬಾಗಿಲಲ್ಲೂ ಕಟ್ಟಿದ. ಕರೆಯುವ ಮುಂಚೆ ಒಂದು ಸಲ, ಒಂದು ಹಸು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಒಂದು ಸಲ ಕೈ ತೊಳೆಯಿರಿ ಅಂತ. ಹೆಂಗಸರು ಆ ಸೋಪು ಬಿಚ್ಚಿಕೊಂಡು ಹೋಗಿ ಮಕ್ಕಳಿಗೆ ಸ್ನಾನ ಮಾಡಿಸಿದರು. ಮಾರನೆಯ ದಿನ ಬಂದು ನೋಡಿ, ಬರೀ ದಾರ ನೇತಾಡುತ್ತಿದ್ದರೆ ಇನ್ನೊಂದು ಕಟ್ಟುತ್ತಿದ್ದ.

"ಸೂಜಿ ಇಡ್ಕಂಡಿದ್ದೋನು ಸೋಪು ಇಡ್ಕಂಡ. ನಾಳೆ ನಮ್ಮ ಬಟ್ಟೆನೂ ಒಗ್ದಾನು" ಅಂದಳು ಮೂಲೆಮನೆಯವಳು, ಅವನಿಗೆ ಕೇಳುವ ಹಾಗೆ.

"ಕೊಡಕ್ಕ, ಒಗೀತೀನಿ. ಕೈ ತೊಳ್ಕ ಮೊದ್ಲು" ಅಂದ ಅವನು.

ಊರಿಗೆ ಬೇರೆ ಸೂಜಿಯವನು ಬಂದ, ಲೂನಾ ಏರಿಕೊಂಡು. ಬಾಟಲಿ ಹಂಚುವುದು ಹಾಗೇ ನಡೆಯಿತು. ನಡೆದೇ ಇದೆ. ಬಾಟಲಿಯ ಬಣ್ಣ ಬೇರೆ, ಹೆಸರು ಬೇರೆ.

ನನ್ನ ಹಸು ಮತ್ತೆ ಕರು ಹಾಕಿದಾಗ ಅವನನ್ನು ಕರೆದೆ. ಬಂದು ಕೊಟ್ಟಿಗೆಯ ಹೊಸ್ತಿಲಿನ ಆಚೆಯೇ ನಿಂತ, ಕೈ ಟವಲಿನಲ್ಲಿ.

"ಬಾರಪ್ಪ, ಕರಿ."

"ನೀನೇ ಕರಿಯಕ್ಕ."

"ನಂದು ಮುಂಡೆ ಕೈ ಕಣ್ಲಾ. ಮೊದ್ಲ ಆಲಿಗೆ ಆಗದಿಲ್ಲ."

"ತೊಳ್ದಿದ್ದೀಯಾ?"

"ಊಂ."

"ಅಂಗಾರೆ ಈ ಊರಲ್ಲಿ ಅದಕಿಂತ ಒಳ್ಳೆ ಕೈ ಇಲ್ಲ. ಕರಿ."

ಕರೆದೆ. ಮೊದಲ ಧಾರೆ ಭೂಮ್ತಾಯಿಗೆ ಬಿಟ್ಟೆ. ಏನೂ ಆಗಲಿಲ್ಲ. ನನ್ನ ಹಸುವಿನ ಮೊದಲ ಹಾಲನ್ನು ನನ್ನ ಕೈಯಲ್ಲಿ ಕರೆಸಿದವನು ಅವನು. ಬೇರೆ ಯಾರೂ ಹಾಗೆ ಹೇಳುತ್ತಿರಲಿಲ್ಲ.

ಚಾಮರಾಜನಗರ ಬೇರೆ ಜಿಲ್ಲೆಯಾಯಿತಲ್ಲ, ಅದರ ಮಾರನೆಯ ವರ್ಷ ಎದೆನೋವು ಅಂದ. ವ್ಯಾನಿನಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದರು. ಅದೇ ವ್ಯಾನಿನಲ್ಲಿ ವಾಪಸು ತಂದರು. ಹೆಣವನ್ನು ಜಗಲಿಯ ಮೇಲೆ ಒರಗಿಸಿ ಕೂರಿಸಿದ್ದರು. ಬಲಗೈಗೆ ಟವಲು ಸುತ್ತಿದ ಹಾಗೇ ಇತ್ತು. ತೆಗೆಯಬೇಡಿ ಅಂದಿದ್ದಳಂತೆ ಹೆಂಡತಿ.

ಊರೆಲ್ಲ ಬಂತು. ಅಳುವವರು ಅತ್ತರು. ಮೂಲೆಮನೆಯವಳು ಅಳುತ್ತಾ ಅಳುತ್ತಾ ಹತ್ತಿರ ಹೋದಳು. ಸೆರಗಿನೊಳಗಿಂದ, ಕರೆಯುವಾಗ ಹಸುವಿನ ಕಾಲು ಕಟ್ಟುವ ಒಂದು ಹೊಸ ಹಗ್ಗ ತೆಗೆದಳು. ಅವಳ ಮನೆಯಲ್ಲಿ ಹಸು ಗಬ್ಬವಾಗಿತ್ತು. ಟವಲು ಸರಿಸಿ, ಹೆಣದ ಕೈಗೆ ಹಗ್ಗ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು ಸೆರಗಿನೊಳಗೆ ಸೇರಿಸಿದಳು. ಅವಳನ್ನು ನೋಡಿ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು. ಒಬ್ಬಳು ತಂಬಿಗೆಯನ್ನೇ ತಂದಿದ್ದಳು.

ನನಗೆ ತಡೆಯಲಾಗಲಿಲ್ಲ. "ಬದ್ಕಿದ್ದಾಗ ಅವನು ಯೋಳಿದ್ದ ಒಂದು ಮಾತ ಕೇಳ್ನಿಲ್ಲ. ಸತ್ತ ಮೇಲೂ ಆ ಕೈಯ ಬುಡಲ್ವೇನ್ರೇ? ಓಗ್ರೇ ಆಚೆಗೆ!" ಅಂತ ಕೂಗಿದೆ. ಎದ್ದು ಹೋದರು. ನನ್ನನ್ನು ಬೈದುಕೊಳ್ಳುತ್ತಲೇ ಹೋದರು.

ಮೀಯಿಸುವಾಗ ಅವನ ಹೆಂಡತಿ, "ಅಕ್ಕ, ಕೈ ನೀನೇ ತೊಳಿ" ಅಂದಳು. ಅಕ್ಕನ ಸ್ಥಾನದವಳು ನಾನು. ಮನೆಗೆ ಹೋಗಿ ಕೊಟ್ಟಿಗೆಯ ಬಾಗಿಲಿಂದ ಸೋಪು ಬಿಚ್ಚಿ ತಂದೆ, ಅವನೇ ಕಟ್ಟಿದ್ದ ಸೋಪು. ಹೆಣಕ್ಕೆ ಯಾಕೆ ಸೋಪು ಅಂದರು ಗಂಡಸರು. ಟವಲು ಬಿಚ್ಚಿ, ಡಾಕ್ಟರಮ್ಮ ತೊಳೆದುಕೊಂಡ ಹಾಗೆ ಮೊಣಕೈವರೆಗೂ ತೊಳೆದೆ. ಬೆರಳ ಸಂದು, ಉಗುರ ಬುಡ. ಎರಡು ಸಲ ನೀರು ಹುಯ್ದೆ.

ಆಮೇಲೆ ಸುತ್ತ ನೋಡಿದೆ. ಗಂಡಸರು ಚಟ್ಟದ ಕಡೆ ತಿರುಗಿದ್ದರು. ಸೋಪು ತರಲು ಹೋದಾಗ ನಾನು ಸೋಪೊಂದನ್ನೇ ತಂದಿರಲಿಲ್ಲ. ನನ್ನ ಕಡಸು ತುಂಬಿದ ಗಬ್ಬದಲ್ಲಿತ್ತು. ಸೊಂಟಕ್ಕೆ ಸಿಕ್ಕಿಸಿದ್ದ ಹೊಸ ಹಗ್ಗ ತೆಗೆದು ಆ ಒದ್ದೆ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಒಂದು ಗಳಿಗೆ ಹಿಡಿದುಕೊಂಡೆ.

ಅವನ ಹೆಂಡತಿ ನೋಡಿದಳು. ನಾನು ಹಗ್ಗ ತೆಗೆದುಕೊಳ್ಳುವವರೆಗೂ ಕಾದಿದ್ದು, ಟವಲನ್ನು ಮತ್ತೆ ಆ ಕೈಗೆ ಸುತ್ತಿದಳು.